ಚಂದ್ರದ್ರೋಣದ ತಪ್ಪಲಿನಲ್ಲಿ ನಮ್ಮ ಡೇರೆ

ದಸರೆಯ ರಜೆ ಬಂದಿತೆಂದರೆ ಗೃಹಸ್ಥನಾದವನಿಗೆ ಒಂದು ಚಿಂತೆ ತಪ್ಪಿದ್ದಲ್ಲ. ಹುಡುಗರನ್ನು ಮನೆಯಲ್ಲಿ ಇಟ್ಟುಕೊಂಡರೆ ಮನೆ ಉಳಿಯುವುದಿಲ್ಲ; ಹೊರಗೆ ಕರೆದುಕೊಂಡು ಹೋದರೆ ಹಣ ಉಳಿಯುವುದಿಲ್ಲ. ಮೈಸೂರಿನಲ್ಲಿ ವಾಸಮಾಡುವ ನಮ್ಮಂಥವರಿಗೆ ವಿಜಯದಶಮಿಯವರೆಗೂ ನೆಂಟರ ಉಪಚಾರದಲ್ಲಿಯೇ ಕಾಲ ಹೋಗುವುದರಿಂದ, ಅದರ ಮಾರನೆಯ ದಿನ ಎಲ್ಲಿಗಾದರೂ ಹೊರಟುಬಿಡೋಣವೆಂದು ಮನಸ್ಸಾಗುವುದು ಸಹಜ. ಈ ಸಲ ಹುಡುಗರು ಮುಂಚಿತವಾಗಿಯೇ ಕರಾರು ಹಾಕಿದ್ದರು. ವಸ್ತಾರೆಯ ಹತ್ತಿರದ ಅಜ್ಜಯ್ಯನ ಮನೆಗೆ ಹೋಗಬೇಕು; ಆದರೆ ಮನೆಯೊಳಗೆ ಮಲಗಬಾರದು, ಡೇರೆ ಹಾಕಿಕೊಂಡು ಬಯಲಿನಲ್ಲಿಯೇ ಇರಬೇಕು; ಅಬ್ಬಿಗಳನ್ನು ನೋಡಬೇಕು; ಕಡೆಯದಾಗಿ, ಜ್ವಾಲಾಮುಖಿಯನ್ನು ನೋಡಬೇಕು.

ಕಡೆಯ ಮಾತನ್ನು ಕೇಳಿ ನಾನು ಬೆಚ್ಚಿದೆ. ವಿಚಾರಿಸಲಾಗಿ, ಅವರ ಸೋದರಸಂಬಂಧಿಯೊಬ್ಬನು ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿ, ಬಾಬಾಬುಡನ್‌ಗಿರಿಯ ಸಾಲು ಕುದುರೆಯ ಲಾಳದಂತೆ ಬಾಗಿರುವುದು ಅದು ಹಿಂದೆ ಜ್ವಾಲಾಮುಖಿಯ ಬಾಯಾಗಿದ್ದುದರಿಂದಲೇ ಎಂದು ಹೇಳಿಬಿಟ್ಟಿದ್ದನಂತೆ. ಹನ್ನೆರಡು ವರ್ಷದ ಮಗಳು ಅರ್ಧ ನಂಬಿದ್ದಳು. ಎಂಟು ವರ್ಷದ ಮಗನಾದರೋ ಪೂರ್ತಿ ನಂಬಿ, ತನ್ನ ಚೀಲದಲ್ಲಿ ಒಂದು ಅಯಸ್ಕಾಂತ, ಒಂದು ದಿಕ್ಸೂಚಿ, ಕಲ್ಲು ಕೂಡಿಡಲು ಒಂದು ಬಿಸ್ಕತ್ತಿನ ಡಬ್ಬ, ಇಷ್ಟನ್ನು ಸಿದ್ಧಮಾಡಿಕೊಂಡಿದ್ದನು. ಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ ಇದನ್ನು ಅಲ್ಲಿಯೇ ತಿದ್ದಬಹುದಾಗಿತ್ತು. ಆದರೆ ತಿದ್ದಿದರೆ ಪ್ರಯಾಣದ ಉತ್ಸಾಹ ಅರ್ಧವಾದೀತು. ಬೆಟ್ಟದ ಮೇಲೆಯೇ ಹೇಳೋಣವೆಂದು ಸುಮ್ಮನಾದೆ.

ಹಾಸನ, ಬೇಲೂರುಗಳ ಮಾರ್ಗವಾಗಿ ಚಿಕ್ಕಮಗಳೂರನ್ನು ಸೇರಿ, ಅಲ್ಲಿಂದ ಆಲ್ದೂರು ಬಾಳೆಹೊನ್ನೂರುಗಳ ಕಡೆಗೆ ಹೋಗುವ ರಸ್ತೆಯನ್ನು ಹಿಡಿದರೆ ಕೆಲವೇ ಮೈಲಿಗಳಲ್ಲಿ ವಸ್ತಾರೆ ಸಿಕ್ಕುವುದು. ವಸುಧಾರೆ ಎಂಬುದೇ ವಸ್ತಾರೆಯಾಯಿತೆಂದು ಊರಿನ ಹಿರಿಯರು ಹೇಳುವರು. ಬೇಲೂರಿನ ಬಯಲು ಕಳೆದು ಇತ್ತ ತಿರುಗಿದ ಮೇಲೆ ನಾಡಿನ ಮುಖವೇ ಬೇರೆ. ರಸ್ತೆಯ ಎರಡು ಕಡೆಗೂ ಸಿಲ್ವರ್ ಓಕ್ ಮರಗಳು, ಅವುಗಳ ಮೈಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಸೊಂಟದೆತ್ತರದ ಕಾಫಿ ಗಿಡ. ಆಶ್ವಯುಜದಲ್ಲಿ ಕಾಫಿಯ ಕಾಯಿ ಇನ್ನೂ ಹಸುರಾಗಿರುವುದು. ಗದ್ದೆಗಳಲ್ಲಿ ಬತ್ತ ತೆನೆಗಟ್ಟಿರುವುದು. ಮಳೆಗಾಲ ಮುಗಿಯಿತೆಂದು ಪಂಚಾಂಗವು ಹೇಳಿದರೂ ಮಧ್ಯಾಹ್ನದ ಮೇಲೆ ಒಂದೊಂದು ದಿನ ಗುಡುಗಿ ಸುರಿದುಹೋಗುವುದು ಈ ಸೀಮೆಯ ವಾಡಿಕೆ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟಿರಬೇಕು, ನಾನು ಇಟ್ಟಿರಲಿಲ್ಲ.

ನನ್ನ ಮಾವನವರಿಗೆ ಎಪ್ಪತ್ತೆಂಟು ವರ್ಷ. ಎಡಗಾಲಿನ ಮಂಡಿ ನೋವೆಂಬುದನ್ನು ಬಿಟ್ಟರೆ ಆರೋಗ್ಯವಂತರು. ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ, ನಾಲ್ಕು ಹಸು, ಮತ್ತು ಮಳೆಯ ಪುಸ್ತಕ, ಇಷ್ಟು ಅವರ ಸಂಸಾರ. ಮಳೆಯ ಪುಸ್ತಕವೆಂದರೆ ಏನೆಂದು ಬಯಲುಸೀಮೆಯವರು ಕೇಳಬಹುದು. ಮಲೆನಾಡಿನ ಕಾಫಿ ಬೆಳೆಗಾರರ ಅಂಗಳದಲ್ಲಿ ಮಳೆ ಅಳೆಯುವ ಪಾತ್ರೆಯೊಂದಿರುವುದು ಸಾಮಾನ್ಯ. ಪ್ರತಿದಿನ ಬೆಳಿಗ್ಗೆ ಅದರ ನೀರನ್ನು ಅಳೆದು ಇಂಚು ಸೆಂಟುಗಳ ಲೆಕ್ಕದಲ್ಲಿ ಬರೆದಿಡುವರು. ಕಾಫಿಗೆ ಹೂಮಳೆ ಎಂದು ಬಿದ್ದಿತು, ಅದರ ಹಿಂದಿನ ಮಳೆ ಎಂದು ಬಂದಿತು ಎಂಬುದರ ಮೇಲೆಯೇ ವರ್ಷದ ಫಸಲು ನಿಂತಿರುವುದರಿಂದ ಇದು ಹವ್ಯಾಸವಲ್ಲ, ಜೀವನ. ಮಾವನವರಲ್ಲಿ ಇಂತಹ ಪುಸ್ತಕಗಳು ಒಂದು ಕಪಾಟಿನ ತುಂಬ ಇವೆ. ನಮ್ಮ ಮದುವೆಯ ದಿನ ಎಷ್ಟು ಮಳೆಯಾಯಿತೆಂಬುದನ್ನು ಅವರು ಇಂದಿಗೂ ಪುಟ ತೆರೆದು ತೋರಿಸಬಲ್ಲರು.

ಡೇರೆಯ ವಿಚಾರದಲ್ಲಿ ಬಂದ ದಿನವೇ ಅವರಿಗೂ ನನಗೂ ಭಿನ್ನಾಭಿಪ್ರಾಯವಾಯಿತು. ಈಗ ಮೀಸಲು ಅರಣ್ಯದೊಳಗೆ ಮನಬಂದಂತೆ ಬಿಡಾರ ಹೂಡಿ ಬೆಂಕಿ ಮಾಡಿಕೊಂಡು ಮಲಗುವುದಕ್ಕೆ ಅಪ್ಪಣೆಯಿಲ್ಲ, ಇರಬಾರದು ಕೂಡ. ಆದುದರಿಂದ ಸ್ವಂತ ತೋಟದಲ್ಲಿಯೇ ಡೇರೆ ಹಾಕುವುದೆಂದು ನಿಶ್ಚಯವಾಗಿತ್ತು. ತೋಟದ ಕೆಳಗಡೆ ಒಂದು ಹಳ್ಳ ಹರಿಯುವುದು. ಅದರ ದಡದಲ್ಲಿ ನಾಲ್ಕು ಡೇರೆ ಹಿಡಿಯುವಷ್ಟು ಸಮತಟ್ಟಾದ ಮರಳಿನ ಜಾಗ. ಮೇಲೆ ಮರದ ನೆರಳು, ಮುಂದೆ ಸ್ಫಟಿಕದಂತಹ ನೀರು. ಇದಕ್ಕಿಂತ ಉತ್ತಮವಾದ ಸ್ಥಳವನ್ನು ಇಂದ್ರನೂ ಆರಿಸಲಾರನೆಂದು ನನಗೆ ತೋರಿತು.

“ಅಲ್ಲಿ ಬೇಡ” ಎಂದರು ಮಾವನವರು. “ಕಣದಲ್ಲಿ ಹಾಕಿಕೊಳ್ಳಿ.”

ಕಣವೆಂದರೆ ಕಾಫಿ ಒಣಗಿಸುವ ಗಚ್ಚಿನ ಅಂಗಳ. ಮನೆಯಿಂದ ಇನ್ನೂರು ಹೆಜ್ಜೆ ಮೇಲಕ್ಕೆ, ದಿಬ್ಬದ ಮೇಲಿರುವುದು. ಅಲ್ಲಿ ಡೇರೆ ಹೊಡೆದರೆ ಮದುವೆ ಮನೆಯ ಚಪ್ಪರದಂತೆ ಕಾಣುವುದೇ ಹೊರತು ಕಾಡಿನ ಬಿಡಾರದಂತೆ ಕಾಣುವುದಿಲ್ಲವೆಂದು ನಾನು ವಾದಿಸಿದೆ. ಅವರು ವಾದಕ್ಕೆ ಬರಲಿಲ್ಲ. ಕೋಲನ್ನು ಊರಿಕೊಂಡು ನನ್ನನ್ನು ಹಳ್ಳದ ಆಚೆಯ ಮಗ್ಗುಲಿಗೆ ಕರೆದುಕೊಂಡು ಹೋಗಿ, ಗುಡ್ಡದ ಮೇಲೆ ಒಂದು ಗುರುತನ್ನು ತೋರಿಸಿದರು. ಸುತ್ತಲೂ ದಟ್ಟವಾದ ಹಸುರು. ನಡುವೆ ಮಾತ್ರ ಮೇಲಿನಿಂದ ಕೆಳಕ್ಕೆ ಕೆಂಪು ಮಣ್ಣಿನ ಪಟ್ಟಿ, ಅದರ ಮೇಲೆ ಹುಲ್ಲೂ ಸರಿಯಾಗಿ ಹಿಡಿದಿರಲಿಲ್ಲ. 2019ರ ಆಗಸ್ಟಿನ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಜರಿದು ಮನೆ ತೋಟಗಳು ಹೋದುದನ್ನು ಓದುಗರು ಪತ್ರಿಕೆಗಳಲ್ಲಿ ಓದಿರಬಹುದು. ಅದೇ ವಾರದಲ್ಲಿ ಮಾವನವರ ಕಾಲೆಕರೆಯಷ್ಟು ಕಾಫಿ ಗಿಡಗಳೂ ಒಂದು ರಾತ್ರಿ ಮಣ್ಣಿನ ಸಮೇತ ಕೆಳಗಿಳಿದು ಹಳ್ಳ ಸೇರಿದ್ದವು.

“ನಿಮ್ಮ ಮರಳು ಎಲ್ಲಿಂದ ಬಂತು ಅಂದುಕೊಂಡಿರಿ? ಅದು ನನ್ನ ತೋಟ” ಎಂದರು.

ಡೇರೆಯನ್ನು ಕಣದಲ್ಲಿಯೇ ಹಾಕಿದೆವು. ಆನೆಯ ಕಾಟವಿರುವ ಸೀಮೆಯಾದ್ದರಿಂದ ಅದೇ ಲೇಸೆಂದು ನನ್ನ ಮನೆಯಾಕೆಯೂ ತಂದೆಯ ಪಕ್ಷವನ್ನೇ ಹಿಡಿದಳು. ಆದರೂ ನನ್ನ ಮನಸ್ಸಿನಲ್ಲಿ ಆ ಮರಳಿನ ದಡ ಕೊರೆಯುತ್ತಲೇ ಇತ್ತು.

ಬಯಲಿನಲ್ಲಿ ಮಲಗುವ ಸುಖವನ್ನು ಕುರಿತು ಬರೆದವರು ಬಹಳ ಮಂದಿ. ಅದರ ಕಷ್ಟವನ್ನು ಬರೆದವರು ಕಡಿಮೆ. ಮೊದಲನೆಯ ರಾತ್ರಿ ಇಬ್ಬನಿಯಿಂದ ಡೇರೆಯ ಬಟ್ಟೆ ಒಳಗೂ ಹೊರಗೂ ತೊಯ್ದು ನಮ್ಮ ಮೂಗಿನ ಮೇಲೆ ತೊಟ್ಟಿಕ್ಕಿತು. ಗಚ್ಚಿನ ತಂಡಿ ಜಮಖಾನವನ್ನು ದಾಟಿ ಬೆನ್ನಿಗೇರಿತು. ಇಂಬಳಗಳು, ಅಂದರೆ ಜಿಗಣೆಗಳು, ಕಣದ ಗಚ್ಚಿಗೆ ಬರುವುದಿಲ್ಲವೆಂದು ಭರವಸೆಯಿತ್ತಾದರೂ ಹಗಲಿನಲ್ಲಿ ಕಾಲುಚೀಲದೊಳಗೆ ಸೇರಿದ ಒಂದು ಮಗಳ ಹಿಮ್ಮಡಿಯಲ್ಲಿ ಸಾವಕಾಶವಾಗಿ ಊಟಮಾಡುತ್ತಿತ್ತು. ಉಪ್ಪು ಹಾಕಿ ಬಿಡಿಸಿದೆವು. ಅವಳು ಅತ್ತಳು; ಆಮೇಲೆ ಅದನ್ನೇ ಶಾಲೆಯಲ್ಲಿ ಹೇಳಿಕೊಳ್ಳಬಹುದೆಂದು ತೋರಿದ ಮೇಲೆ ಸಮಾಧಾನಗೊಂಡಳು. ಆದರೆ ಬೆಳಗಿನ ಜಾವ ಡೇರೆಯ ಬಾಗಿಲನ್ನು ಎತ್ತಿದಾಗ ಕಂಡ ನೋಟಕ್ಕೆ ಇವೆಲ್ಲವೂ ತೀರಿಹೋದವು. ಕಣಿವೆಯ ತುಂಬ ಹಾಲಿನಂತೆ ಮಂಜು ನಿಂತು, ಅದರ ಮೇಲೆ ಚಂದ್ರದ್ರೋಣದ ಸಾಲು ಮಾತ್ರ ತೇಲುತ್ತಿದ್ದಿತು. ಅಷ್ಟರಲ್ಲಿ ಅತ್ತೆಯವರು ಬೆಲ್ಲದ ಕಾಫಿಯನ್ನೂ ಅಕ್ಕಿರೊಟ್ಟಿಯನ್ನೂ ಕಳುಹಿಸಿದ್ದರು. ಮನೆಯಿಂದ ಇನ್ನೂರು ಹೆಜ್ಜೆಯೊಳಗೆ ಡೇರೆ ಹಾಕುವುದರ ಪ್ರಯೋಜನ ಆಗ ನನಗೆ ಸ್ವಲ್ಪ ತಿಳಿಯಿತು.

ಎರಡನೆಯ ದಿನ ಅಬ್ಬಿಗಳ ಯಾತ್ರೆ. ವಸ್ತಾರೆಯಿಂದ ಕೆಮ್ಮಣ್ಣುಗುಂಡಿಯ ಕಡೆಗೆ ಹೋಗುವುದೆಂದರೆ ಬೆಟ್ಟದ ಸಾಲನ್ನು ಸುತ್ತಿಕೊಂಡು ಹೋಗಬೇಕು. ಬೆಳಗಾಗುವುದರೊಳಗೆ ಹೊರಟರೆ ಒಂದು ದಿನದಲ್ಲಿ ಹಿಂತಿರುಗಬಹುದು. ದಾರಿಯಲ್ಲಿ ಕಲ್ಲತ್ತಿಗಿರಿ. ಸುಮಾರು 400 ಅಡಿ ಎತ್ತರದಿಂದ ನೀರು ಬಂಡೆಗಳ ಮೇಲೆ ಹರಡಿಕೊಂಡು ಇಳಿದು ವೀರಭದ್ರನ ಗುಡಿಯ ಮಗ್ಗುಲಿಗೇ ಬಂದು ಬೀಳುವುದು. ಇಲ್ಲಿ ನೀರು ಧುಮುಕುವುದಿಲ್ಲ, ಇಳಿಯುವುದು. ಆದುದರಿಂದ ಮುದುಕರಿಗೂ ಮಕ್ಕಳಿಗೂ ಪ್ರಿಯವಾದ ಜಾಗ. ಆದರೆ ಜನಸಂದಣಿಯನ್ನೂ, ಬಂಡೆಗಳ ಸಂದಿನಲ್ಲಿ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಚೀಲಗಳನ್ನೂ ನೋಡಿ ನನ್ನ ಮನೆಯಾಕೆ ಹತ್ತು ನಿಮಿಷದಲ್ಲಿ ಹಿಂತಿರುಗಿದಳು. ದೇವರ ಅಭಿಷೇಕದ ನೀರಿನಲ್ಲಿ ಸಾಬೂನು ಹಚ್ಚಿಕೊಂಡು ಮೀಯುವವರಿಗೆ ಯಾರು ಬುದ್ಧಿ ಹೇಳಬೇಕೋ ತಿಳಿಯದು.

ಕೆಮ್ಮಣ್ಣುಗುಂಡಿಯ ಹೆಸರೇ ಅದರ ಕಥೆಯನ್ನು ಹೇಳುವುದು: ಕೆಂಪು ಮಣ್ಣಿನ ಗುಂಡಿ. 1,434 ಮೀಟರು ಎತ್ತರದ ಈ ತಂಪಾದ ತಾಣವನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಗೆಯ ಬಿಡಾರವಾಗಿ ಬಳಸುತ್ತಿದ್ದರು. ಮಣ್ಣು ಕೆಂಪಾಗಿರುವುದು ಕಬ್ಬಿಣದಿಂದ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ತೊಡಗಿದಾಗ ಅದರ ಕುಲುಮೆಗೆ ಅದಿರು ಹೋದುದು ಈ ಬೆಟ್ಟಗಳಿಂದಲೇ. ಇಲ್ಲಿಂದ ಕೆಲವು ಮೈಲಿ ಕಾಫಿ ತೋಟಗಳ ನಡುವೆ ಜೀಪಿನಲ್ಲಿ ಮೈಮೂಳೆಗಳನ್ನು ಎಣಿಸಿಕೊಂಡು ಇಳಿದು, ಆಮೇಲೆ ನಡೆದರೆ ಹೆಬ್ಬೆ. ಇದು ಧುಮುಕುವ ಜಾತಿಯದು. ಸುಮಾರು 550 ಅಡಿ, ಎರಡು ನೆಗೆತ. ಮೇಲಿನದು ದೊಡ್ಡ ಹೆಬ್ಬೆ, ಕೆಳಗಿನದು ಚಿಕ್ಕ ಹೆಬ್ಬೆ. ಮರಗಳ ಗೋಡೆಯ ನಡುವೆ ಬಿಳಿಯ ನೀರು ನೆಟ್ಟಗೆ ಬೀಳುವಾಗ ಮಾತನಾಡಿದರೆ ಕೇಳಿಸದು. ಕೇಳಿಸಬೇಕಾದುದೂ ಏನೂ ಇರಲಿಲ್ಲ.

ಮೂರನೆಯ ದಿನ ಜ್ವಾಲಾಮುಖಿಯ ದಿನ. ಹುಡುಗರು ಐದು ಗಂಟೆಗೇ ಎದ್ದು ಕುಳಿತಿದ್ದರು. ಮುಳ್ಳಯ್ಯನಗಿರಿಯ ತುದಿಗೆ ಹೋಗೋಣವೆಂದೆ. 1,930 ಮೀಟರು, ಎಂದರೆ ಆರು ಸಾವಿರದ ಮುನ್ನೂರು ಅಡಿಗೂ ಮಿಕ್ಕಿದ ಈ ಶಿಖರವೇ ಕರ್ನಾಟಕದಲ್ಲೆಲ್ಲ ಎತ್ತರವಾದುದು. ದಾರಿಯಲ್ಲಿ ಬೆಟ್ಟವನ್ನು ಕಡಿದು ರಸ್ತೆ ಮಾಡಿರುವ ಒಂದು ತಿರುವಿನಲ್ಲಿ ಗಾಡಿಯನ್ನು ನಿಲ್ಲಿಸಿ ಕಡಿತದ ಕಲ್ಲನ್ನು ನೋಡಹೇಳಿದೆ. ಕಪ್ಪಿಗೆ ಹಸುರು ಬೆರೆತ ಬಣ್ಣ, ಅಲ್ಲಲ್ಲಿ ಬಟಾಣಿಕಾಳಿನಂತೆ ಬಿಳಿಯ ಚುಕ್ಕೆ. ಮಗ ಅಂತಹ ಒಂದು ಚೂರನ್ನು ಡಬ್ಬಕ್ಕೆ ಹಾಕಿಕೊಂಡನು. ತುದಿಯಲ್ಲಿ ಮುಳ್ಳಪ್ಪಸ್ವಾಮಿಯ ಗದ್ದುಗೆಗೆ ನಮಸ್ಕಾರ ಮಾಡಿ, ಗಾಳಿಗೆ ಬೆನ್ನು ಕೊಟ್ಟು ಕುಳಿತೆವು. ಉತ್ತರಕ್ಕೆ ಸಾಲು ಬಾಗಿ ಬಾಗಿ ಹೋಗುವುದು, ಅದರ ಮಡಿಲಿನಲ್ಲಿ ಜಾಗರದ ಕಣಿವೆ, ವಾಯವ್ಯದ ಕಡೆಗೆ ಅದರ ಬಾಗಿಲು, ಎಲ್ಲವೂ ಒಮ್ಮೆಗೇ ಕಾಣಬಂದವು. ನಿಜವಾಗಿಯೂ ಕುದುರೆಯ ಲಾಳವೇ.

“ಬೆಂಕಿ ಎಲ್ಲಿ?” ಎಂದನು ಮಗ.

ಇಲ್ಲಿ ನನ್ನ ಪಾಠ ಪ್ರಾರಂಭವಾಯಿತು. ಓದುಗರೂ ಸ್ವಲ್ಪ ಸಹಿಸಬೇಕು. ಈ ಲಾಳವು ಜ್ವಾಲಾಮುಖಿಯ ಬಾಯಲ್ಲ. ಪದರಪದರವಾಗಿದ್ದ ಬಂಡೆಗಳು ಭೂಮಿಯ ಒತ್ತಡದಿಂದ ಮಡಿಸಿದ ಕಂಬಳಿಯಂತೆ ತಗ್ಗಾಗಿ ಬಾಗಿ, ಆಮೇಲೆ ಮಳೆಗಾಳಿಗಳಿಗೆ ಸವೆಯುತ್ತ ಬಂದವು. ಮೆತ್ತನೆಯ ಕಲ್ಲು ತೊಳೆದುಹೋಗಿ ಕಣಿವೆಯಾಯಿತು. ಗಟ್ಟಿಯಾದ ಕಬ್ಬಿಣದ ಕಲ್ಲು ಅಂಚಿನಲ್ಲಿ ಉಳಿದು ಬೆಟ್ಟವಾಯಿತು. ಮಗ ತನ್ನ ಅಯಸ್ಕಾಂತವನ್ನು ಶಿಖರದ ಕಲ್ಲಿಗೆ ಒಡ್ಡಿದಾಗ ಅದು ಮೆಲ್ಲಗೆ ಅಂಟಿಕೊಂಡಿತು. ಕಪ್ಪು ಬಿಳುಪು ಗೆರೆಗೆರೆಯಾಗಿ, ಸೀರೆಯ ಅಂಚಿನಂತಿದ್ದ ಆ ಕಲ್ಲಿನಲ್ಲಿ ಕಪ್ಪು ಗೆರೆಯೆಲ್ಲ ಕಬ್ಬಿಣ. ಅವನಿಗೆ ಆದ ಸಂತೋಷವನ್ನು ಏನೆಂದು ಹೇಳಲಿ! ಬೆಂಕಿಯ ವಿಚಾರವನ್ನೇ ಮರೆತು ಸುತ್ತಲಿನ ಕಲ್ಲುಗಳನ್ನೆಲ್ಲ ಪರೀಕ್ಷೆ ಮಾಡತೊಡಗಿದನು.

ಮಗಳು ಮಾತ್ರ ಬಿಡಲಿಲ್ಲ. “ಹಾಗಾದರೆ ಇಲ್ಲಿ ಜ್ವಾಲಾಮುಖಿ ಇರಲೇ ಇಲ್ಲವೇ?”

ಇತ್ತು, ಅದೇ ಸೋಜಿಗ. ಬಾಯಿ ಉಳಿದಿಲ್ಲ, ಉಗುಳಿದುದು ಉಳಿದಿದೆ. ಬೆಳಿಗ್ಗೆ ರಸ್ತೆಯ ಕಡಿತದಲ್ಲಿ ನೋಡಿದ ಹಸುರುಗಪ್ಪಿನ ಕಲ್ಲು ಹಿಂದೆ ಕರಗಿ ಹರಿದ ಲಾವಾ. ಹರಿಯುವಾಗ ಅದರೊಳಗೆ ಸಿಕ್ಕಿದ ಗಾಳಿಯ ಗುಳ್ಳೆಗಳು ಆಮೇಲೆ ಬೇರೆ ಖನಿಜಗಳಿಂದ ತುಂಬಿ ಆ ಬಿಳಿಯ ಚುಕ್ಕೆಗಳಾದವು. ಈ ಬೆಟ್ಟಗಳ ಹೆಸರಿನಿಂದಲೇ ಭೂವಿಜ್ಞಾನಿಗಳು ಇಂತಹ ಬಂಡೆಗಳ ಒಂದು ಗುಂಪನ್ನು ಬಾಬಾಬುಡನ್ ಗುಂಪು ಎಂದು ಕರೆಯುವರು. ಅದರ ವಯಸ್ಸು ಸುಮಾರು 270ರಿಂದ 290 ಕೋಟಿ ವರ್ಷ. ಭೂಮಿಗೆ 454 ಕೋಟಿ ವರ್ಷವೆಂದು ಲೆಕ್ಕ. ಹಿಮಾಲಯ ಏಳಲು ತೊಡಗಿ 5 ಕೋಟಿ ವರ್ಷವೂ ಸರಿಯಾಗಿ ಆಗಿಲ್ಲವೆನ್ನಬೇಕು. ಲಾವಾ ಹರಿಯಿತು, ನಿಂತಿತು. ಮೇಲೆ ನೀರು ಬಂದು ಮರಳು ಹಾಸಿತು. ಮತ್ತೆ ಲಾವಾ ಹರಿಯಿತು. ಆ ಮರಳೂ ಕಲ್ಲಾಗಿದೆ. ಅಂತಹ ಕಲ್ಲುಗಳ ಮೇಲೆ ಕೆರೆಯ ಅಂಚಿನ ಮರಳಿನಲ್ಲಿ ನಾವು ನೋಡುವಂತಹ ಅಲೆಯ ಗುರುತುಗಳು ಇಂದಿಗೂ ಇವೆ. ಚಿಕ್ಕಮಗಳೂರಿನ ಹತ್ತಿರದ ಕರ್ತಿಕೆರೆಯಲ್ಲಿ ಈ ಇಡೀ ಗುಂಪಿನ ತಳಹದಿ ಕಾಣುವುದು: ಯಾವುದೋ ಪುರಾತನ ಹೊಳೆ ಉರುಳಿಸಿ ನುಣುಪು ಮಾಡಿದ ಬೆಣಚುಕಲ್ಲಿನ ಗುಂಡುಗಳು, ಒಂದಕ್ಕೊಂದು ಬೆಸೆದುಕೊಂಡು ಬಂಡೆಯಾಗಿರುವುದು. ಮೈಸೂರು ಸಂಸ್ಥಾನವು 1894ರಲ್ಲಿಯೇ ಭೂವಿಜ್ಞಾನ ಇಲಾಖೆಯನ್ನು ತೆರೆದು ಇಂತಹ ಬೆಟ್ಟಗಳನ್ನು ಅಳೆಯಿಸಲು ಆರಂಭಿಸಿದುದು ನಮ್ಮವರು ಹೆಮ್ಮೆಪಡಬೇಕಾದ ಸಂಗತಿ.

“ಬದುಕಿರುವ ಜ್ವಾಲಾಮುಖಿ?” ಎಂದಳು. ಅದಕ್ಕೆ ಅಂಡಮಾನಿನ ಕಡಲಿಗೆ ಹೋಗಬೇಕೆಂದೆ. ಅಲ್ಲಿ ಬ್ಯಾರನ್ ದ್ವೀಪವೆಂಬ ಜನವಿಲ್ಲದ ದ್ವೀಪವೊಂದುಂಟು. ನೂರೈವತ್ತು ವರ್ಷಕ್ಕೂ ಮೀರಿ ಮಲಗಿದ್ದು 1991ರಲ್ಲಿ ಎಚ್ಚತ್ತಿತು. ಆಮೇಲೂ ಆಗಾಗ್ಗೆ ಹೊಗೆ ಬೂದಿಗಳನ್ನು ಉಗುಳುತ್ತಿದೆ. ಭಾರತದಲ್ಲಿ ಉರಿಯುವುದು ಅದೊಂದೇ. ಭೂಮಿಯ ಚಿಪ್ಪಿನ ಒಂದು ಹಲಗೆ ಇನ್ನೊಂದರ ಕೆಳಗೆ ಜಾರುವಲ್ಲಿ ಇಂತಹ ಬಾಯಿಗಳು ತೆರೆಯುವುವು. ನಮ್ಮ ಕಾಲ ಕೆಳಗಿನ ನೆಲವೋ ಹಲಗೆಯ ನಡುವಿನದು, ತಣ್ಣಗಾದದ್ದು, ಮುದಿಯಾದದ್ದು. ನಮ್ಮ ಕಡಲ ಕರೆಯಲ್ಲಿಯೇ ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳ ಕಂಬದಂತಹ ಕಲ್ಲುಗಳೂ ಲಾವಾ ಆರಿದಾಗ ಆದವು. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದವು, ಸುಮಾರು 8.8 ಕೋಟಿ ವರ್ಷದವು. ಈ ಬೆಟ್ಟದ ಮುಂದೆ ಅವು ಕೂಸುಗಳು.

“ಹಾಗಾದರೆ ಇಲ್ಲಿ ಹೆದರಿಕೆ ಏನೂ ಇಲ್ಲ” ಎಂದನು ಮಗ, ಸ್ವಲ್ಪ ಬೇಸರದಿಂದಲೇ.

“ಏನೂ ಇಲ್ಲ” ಎಂದೆ.

ಹಿಂತಿರುಗುವಾಗ ಬಾಬಾಬುಡನ್‌ಗಿರಿಯ ಕಡೆಗೆ ಹೋಗಿ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಆ ಗುಹೆಯ ದರ್ಶನಮಾಡಿ, ಮಾಣಿಕ್ಯಧಾರೆಯ ತುಂತುರಿನಲ್ಲಿ ತೊಯ್ದು ಬಂದೆವು. 1670ರ ಸುಮಾರಿನಲ್ಲಿ ಬಾಬಾ ಬುಡನರು ಯೆಮೆನಿನ ಮೋಚಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು ಇಲ್ಲಿ ಬಿತ್ತಿದರೆಂಬುದು ಪ್ರಸಿದ್ಧ ಐತಿಹ್ಯ. ದಾರಿಯಲ್ಲಿ ಮನೆಯಾಕೆ ಒಂದು ಮಾತು ಹೇಳಿದಳು. ಈ ಸಾಲಿನ ಒಂದು ಮಗ್ಗುಲಿಗೆ ಬಿದ್ದ ಮಳೆ ಯಗಚಿಯಾಗಿ ಹೇಮಾವತಿಯನ್ನು ಕೂಡಿ ಕಾವೇರಿಗೆ ಹೋಗುವುದು. ಜಾಗರದ ಕಣಿವೆಗೆ ಬಿದ್ದುದು ಭದ್ರೆಯನ್ನು ಸೇರಿ ಕೃಷ್ಣೆಗೆ ಹೋಗುವುದು. “ಒಂದೇ ಮೋಡ, ಎರಡು ಸಂಸಾರ” ಎಂದಳು. ನನ್ನ ಪಾಠಕ್ಕಿಂತ ಅದೇ ಹುಡುಗರಿಗೆ ನಾಟಿತು.

ನಾಲ್ಕನೆಯ ದಿನ ಎಲ್ಲಿಗೂ ಹೋಗಬಾರದೆಂದು ನಿಶ್ಚಯಿಸಿದ್ದೆವು. ತೋಟದ ಕೆಳಗಿನ ಹಳ್ಳದಲ್ಲಿ ಅರ್ಧ ಫರ್ಲಾಂಗು ಮೇಲಕ್ಕೆ ಹೋದರೆ ಒಂದು ಚಿಕ್ಕ ಅಬ್ಬಿ. ಎರಡಾಳಿನ ಎತ್ತರ, ಯಾವ ಪುಸ್ತಕದಲ್ಲಿಯೂ ಅದರ ಹೆಸರಿಲ್ಲ. ಅದರ ಕೆಳಗೆ ಹಳ್ಳದ ನಡುವೆ ಒಂದು ಹಾಸುಬಂಡೆ. ಕಣಕಾಲಿನಷ್ಟು ನೀರನ್ನು ದಾಟಿದರೆ ಅದರ ಮೇಲೆ ನಾಲ್ಕು ಜನ ಕುಳಿತುಕೊಳ್ಳಬಹುದು. ಬುತ್ತಿ ಕಟ್ಟಿಕೊಂಡು ಹೊರಟೆವು. ಮಾವನವರೂ ಕೋಲು ಹಿಡಿದು ಹೊರಟರು. ಮಂಡಿ ನೋವಿನವರು ಇಳಿಜಾರಿನಲ್ಲಿ ಏಕೆ ಬರಬೇಕೆಂದು ಕೇಳಿದುದಕ್ಕೆ, “ಮನೆಯಲ್ಲಿ ಹೊತ್ತು ಹೋಗುವುದಿಲ್ಲ” ಎಂದರು. ಅವರಿಗೆ ಹೊತ್ತು ಹೋಗದಿದ್ದುದನ್ನು ನಾನು ಎಂದೂ ಕಂಡವನಲ್ಲ.

ಆ ದಿನ ಬಿಸಿಲು ಚಿನ್ನದಂತಿತ್ತು. ಬಂಡೆಯ ಮೇಲೆ ಹುಡುಗರು ಕಾಲು ಇಳಿಬಿಟ್ಟುಕೊಂಡು ಕುಳಿತರು. ಮಗ ತನ್ನ ಡಬ್ಬವನ್ನು ಬಿಚ್ಚಿ ಕಲ್ಲುಗಳನ್ನು ಸಾಲಾಗಿ ಇಟ್ಟು ಒಂದೊಂದಕ್ಕೂ ಅಯಸ್ಕಾಂತವನ್ನು ಒಡ್ಡುತ್ತಿದ್ದನು. ನಾನು ಅವರ ಪಕ್ಕದಲ್ಲಿಯೇ ಬಂಡೆಗೆ ಒರಗಿ ಕಣ್ಣು ಮುಚ್ಚಿದ್ದೆ. ದಡದಲ್ಲಿ ಮನೆಯಾಕೆ ಬಾಳೆಲೆ ಹಾಸಿ ಬುತ್ತಿಯನ್ನು ಬಡಿಸುತ್ತಿದ್ದಳು. ಮಾವನವರು ಒಂದು ಬೇರಿನ ಮೇಲೆ ಕುಳಿತು ನೀರನ್ನೇ ನೋಡುತ್ತಿದ್ದರು. ದೂರದಲ್ಲಿ, ಬಹಳ ದೂರದಲ್ಲಿ, ಯಾರೋ ಅಟ್ಟದ ಮೇಲೆ ಮರದ ಪೆಟ್ಟಿಗೆಯನ್ನು ಎಳೆದಂತೆ ಒಂದು ಶಬ್ದವಾಯಿತು.

“ಹುಡುಗರನ್ನು ಕರೆದುಕೊಂಡು ಬನ್ನಿ” ಎಂದರು ಮಾವನವರು.

“ಎಲೆ ಹಾಕಿ ಆಗಲಿ ಮಾವ, ಐದು ನಿಮಿಷ” ಎಂದೆ.

ಅವರು ಎದ್ದು ನಿಂತುದು ನನಗೆ ಕಾಣಲಿಲ್ಲ. ಅವರ ಧ್ವನಿ ಮಾತ್ರ ಕೇಳಿಸಿತು. ಇಪ್ಪತ್ತು ವರ್ಷಗಳಲ್ಲಿ ಅವರು ನನ್ನನ್ನು ಬಹುವಚನ ಬಿಟ್ಟು ಮಾತನಾಡಿಸಿದವರಲ್ಲ. ಆಗ ಮಾತನಾಡಿಸಿದರು.

“ಏಳು! ಏಳೋ!”

ಕಣ್ಣು ಬಿಟ್ಟೆ. ನೀರು ಏರಿರಲಿಲ್ಲ, ಬಣ್ಣ ಮಾತ್ರ ಬದಲಾಗಿತ್ತು. ಸ್ಫಟಿಕದಂತಿದ್ದುದು ಹಾಲಿಲ್ಲದ ಚಹದಂತಾಗಿ, ಅದರ ಮೇಲೆ ಒಣಗಿದ ಎಲೆಗಳೂ ಕಡ್ಡಿಗಳೂ ನೊರೆಯೂ ತೇಲಿಬರುತ್ತಿದ್ದವು. ಮಗಳು ಬುದ್ಧಿವಂತೆ, ಒಂದೇ ನೆಗೆತಕ್ಕೆ ದಡ ಸೇರಿದಳು. ಮಗನ ಕೈ ಹಿಡಿದು ನೀರಿಗೆ ಇಳಿದೆ. ಎರಡು ಹೆಜ್ಜೆ ಬಂದವನು “ನನ್ನ ಡಬ್ಬ” ಎಂದು ಕೈ ಬಿಡಿಸಿಕೊಂಡು ಹಿಂದಕ್ಕೆ ಓಡಿದನು. ನಾನು ತಿರುಗಿ ಹೋಗಿ ಅವನನ್ನು ಸೊಂಟಕ್ಕೆ ಎತ್ತಿಕೊಳ್ಳುವಷ್ಟರಲ್ಲಿ ಕಣಕಾಲಿಗಿದ್ದ ನೀರು ಮಂಡಿಗೆ ಬಂದಿತ್ತು. ನೀರಿನ ಬಲವೆಂದರೆ ಏನೆಂದು ನಾನು ಹಲಗೆಯ ಮೇಲೆ ಚಿತ್ರ ಬರೆದು ಎಷ್ಟೋ ಮಕ್ಕಳಿಗೆ ಕಲಿಸಿದ್ದೇನೆ. ಕಾಲಿಗೆ ಅದು ತಗುಲಿದಾಗ ಕಲಿತದ್ದು ಒಂದೂ ಉಪಯೋಗಕ್ಕೆ ಬರಲಿಲ್ಲ. ಪಾಚಿಯ ಕಲ್ಲಿನ ಮೇಲೆ ಬಲಗಾಲು ಜಾರಿತು. ಒಂದು ಮೊಳಕಾಲು ಊರಿ ಬಿದ್ದೆ. ನೀರು ಎದೆಗೆ ಹೊಡೆಯಿತು. ತಲೆ ಎತ್ತಿದಾಗ ಮೂಗಿನ ಮುಂದೆ ಒಂದು ಕೋಲಿನ ತುದಿ. ಮಾವನವರು ಎಡಗೈಯಲ್ಲಿ ಬೇರನ್ನು ತಬ್ಬಿ, ನೋವಿನ ಮಂಡಿಯನ್ನೇ ನೀರಿನಲ್ಲಿ ಊರಿ, ಕೋಲನ್ನು ಚಾಚಿದ್ದರು. ಅವರ ಬೆನ್ನಿನ ಹಿಂದೆ ಮನೆಯಾಕೆ ಅವರ ಸೊಂಟದ ಪಂಚೆಯನ್ನು ಎರಡು ಕೈಯಲ್ಲಿ ಹಿಡಿದಿದ್ದಳು. ಹಿಡಿದೆ. ಬಂದೆವು.

ದಡದ ಮೇಲೆ ಹತ್ತು ಮಾರು ಹತ್ತಿ ತಿರುಗಿ ನೋಡಿದಾಗ ಹಾಸುಬಂಡೆ ಕಾಣಲಿಲ್ಲ. ಅಬ್ಬಿಯೂ ಕಾಣಲಿಲ್ಲ, ಅದು ಇದ್ದ ಕಡೆ ಕೆಂಪಾದ ನೀರಿನ ಒಂದು ಗೂನುಬೆನ್ನು ಮಾತ್ರ ಇತ್ತು. ಬಾಳೆಲೆ, ಬುತ್ತಿ, ಪಾತ್ರೆ, ಎಲ್ಲವೂ ಹೋಗಿದ್ದವು. ನಮ್ಮ ತಲೆಯ ಮೇಲೆ ಬಿಸಿಲು ಮೊದಲಿನಂತೆಯೇ ಕಾಯುತ್ತಿತ್ತು. ಮೇಲಿನ ಗುಡ್ಡದಲ್ಲಿ ಎಲ್ಲಿಯೋ ಗಂಟೆಗೆ ಮುಂಚೆ ಸುರಿದ ಮಳೆ ಆಗ ನಮ್ಮನ್ನು ತಲುಪಿತ್ತು. ಇಳಿಜಾರಾದ ನೆಲ, ಮೂರು ತಿಂಗಳು ನೆನೆದು ಇನ್ನು ಒಂದು ತೊಟ್ಟನ್ನೂ ಹೀರಲಾರದ ಮಣ್ಣು, ನಾಲ್ಕಾರು ಕೊರಕಲುಗಳ ನೀರೆಲ್ಲ ಒಂದೇ ಹಳ್ಳಕ್ಕೆ ಬರುವ ದಾರಿ. ಹೀಗಿರುವಲ್ಲಿ ನೀರು ಮೆಲ್ಲಗೆ ಏರುವುದಿಲ್ಲ, ಗೋಡೆಯಂತೆ ಬರುವುದು. ಮೊದಲು ಬಣ್ಣ ಬರುವುದು, ಆಮೇಲೆ ಕಸ ಬರುವುದು, ಆಮೇಲೆ ಅದು ಬರುವುದು. ಕೆಲವು ಸಲ ಮೊದಲಿನ ಎರಡೂ ಬರುವುದಿಲ್ಲವಂತೆ. ಮಾವನವರು ಇದನ್ನು ದಾರಿಯಲ್ಲಿ ನಿಂತು ನಿಂತು, ಮಂಡಿಯನ್ನು ತಿಕ್ಕಿಕೊಳ್ಳುತ್ತ ಹೇಳಿದರು. ಗುಡುಗು ಕೇಳಿದ ಮೇಲೆ ಹಳ್ಳದಲ್ಲಿ ಕೂರುವ ಪದ್ಧತಿ ಈ ಕಡೆ ಇಲ್ಲವೆಂದೂ, ಮೊದಲ ದಿನ ನಾನು ಆರಿಸಿದ ಮರಳಿನ ಜಾಗವನ್ನು ಈಗ ಬೇಕಾದರೆ ಹೋಗಿ ನೋಡಿಬರಬಹುದೆಂದೂ ಹೇಳಿದರು. ನಾನು ಹೋಗಿ ನೋಡಿದೆ. ಡೇರೆಯ ಗೂಟ ಹೊಡೆಯಬೇಕೆಂದಿದ್ದ ಮರದ ಕಾಂಡಕ್ಕೆ, ನನ್ನ ಎದೆಯೆತ್ತರಕ್ಕೆ, ಹುಲ್ಲುಕಸ ಸುತ್ತಿಕೊಂಡಿತ್ತು.

ಮಗನು ಡಬ್ಬಕ್ಕಾಗಿ ಸಂಜೆಯವರೆಗೆ ಅತ್ತನು. ಅಯಸ್ಕಾಂತವೂ ಹೋಗಿತ್ತು, ಮುಳ್ಳಯ್ಯನಗಿರಿಯ ಕಲ್ಲುಗಳೂ ಹೋಗಿದ್ದವು. ಮಗಳು ಅವನನ್ನು ಸಮಾಧಾನಪಡಿಸುತ್ತ, ಆ ಕಲ್ಲುಗಳು ಈ ಹೊತ್ತಿಗೆ ಎಲ್ಲಿಯವರೆಗೆ ಹೋಗಿರಬಹುದು, ಕಾವೇರಿಗೋ ಕೃಷ್ಣೆಗೋ ಎಂದು ಅಜ್ಜಯ್ಯನನ್ನು ಕೇಳಿದಳು. “ಆ ತಿರುವಿನವರೆಗೆ ಹೋಗಿರುತ್ತವೆ. ಬೇಸಗೆಯಲ್ಲಿ ಬಾ, ಹುಡುಕೋಣ” ಎಂದರು ಅವರು. ನನ್ನ ಮನೆಯಾಕೆ ನನ್ನೊಡನೆ ರಾತ್ರಿಯವರೆಗೂ ಮಾತನಾಡಲಿಲ್ಲ. ಆಮೇಲೆ ಮಾತನಾಡಿದಳು, ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಆ ರಾತ್ರಿಯೂ ಕಣದಲ್ಲಿಯೇ ಮಲಗಬೇಕೆಂದು ಹುಡುಗರು ಹಟಹಿಡಿದರು. ಈ ಸಲ ಮಾವನವರು ಒಂದು ಹಗ್ಗದ ಮಂಚವನ್ನು ತರಿಸಿ ಡೇರೆಯ ಬಾಗಿಲಿಗೆ ಅಡ್ಡಲಾಗಿ ಹಾಕಿಸಿ, ಕಂಬಳಿ ಹೊದ್ದು ಅದರ ಮೇಲೆ ಮಲಗಿದರು. ಕೆಳಗೆ ಹಳ್ಳದ ಸದ್ದು ಗಂಟೆಗೊಂದು ಸಲ ಕಡಿಮೆಯಾಗುತ್ತ ಬಂದು ಬೆಳಗಿನ ಜಾವದ ಹೊತ್ತಿಗೆ ಮೊದಲಿನ ಗುಣುಗುಣು ಶಬ್ದವಷ್ಟೇ ಉಳಿಯಿತು.

ಬೆಳಿಗ್ಗೆ ಏಳೂವರೆಗೆ ಅವರು ಅಂಗಳದ ಪಾತ್ರೆಯನ್ನು ಎತ್ತಿ ನೋಡಿ, ಒಳಗೆ ಹೋಗಿ ಪುಸ್ತಕವನ್ನು ತೆಗೆದರು. ಮಗ ಅವರ ತೊಡೆಯ ಪಕ್ಕದಲ್ಲಿ ನಿಂತು ಬರೆಯುವುದನ್ನು ನೋಡಿದನು. ತಾರೀಖಿನ ಮುಂದೆ ಇಂಚು ಸೆಂಟಿನ ಕಾಲಮಿನಲ್ಲಿ ಅವರು ಒಂದು ಸೊನ್ನೆಯನ್ನು ಹಾಕಿ, ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದರು: “ಇಲ್ಲಿ ಮಳೆ ಇಲ್ಲ. ಹಳ್ಳ ಬಂತು. ಎಲ್ಲರೂ ಇದ್ದಾರೆ.”